ಒಂದೇ ನಂಬರಿನ ಎರಡು ಮನೆ

ಬ್ಯಾಂಕಿನಿಂದ ನಿವೃತ್ತರಾದ ಸುಮಿತ್ರಮ್ಮ ಚೆನ್ನೈನ ವೆಸ್ಟ್ ಮಾಂಬಲಂನ ತಮ್ಮ ಫ್ಲಾಟಿನಲ್ಲೇ ಮದುವೆ ಕಾರ್ಡು ಅಚ್ಚು ಹಾಕುವ ಪುಟ್ಟ ವ್ಯಾಪಾರಕ್ಕೆಂದು ಹೊಸ ಪ್ರಿಂಟರ್ ತರಿಸಿದ್ದರು. ಅದನ್ನು ಚಾಲೂ ಮಾಡಿದೊಡನೆ ಬಾಗಿಲ ಕ್ಯಾಮೆರಾ ಕಣ್ಣು ಮುಚ್ಚುತ್ತಿತ್ತು. ಕ್ಯಾಮೆರಾ ಎದ್ದರೆ ಪ್ರಿಂಟರ್ ಮಲಗುತ್ತಿತ್ತು. ರಿಪೇರಿಯವನು ಸೋಮವಾರ ಬರುತ್ತೇನೆಂದ. ಗಿರಾಕಿಗೆ ಮೊದಲ ಕಾರ್ಡು ಅಂದು ಮಧ್ಯಾಹ್ನಕ್ಕೇ ಬೇಕಿತ್ತು.

“ಮೂವತ್ತು ವರ್ಷ ಬ್ಯಾಂಕಿನ್ಯಾಗ ಸಿಸ್ಟಮ್ ರಿಪೇರಿಯವ್ರ ದಾರಿ ಕಾದೇನಿ. ಇನ್ನ ನನ್ನ ಕಡೆ ಆಗಂಗಿಲ್ಲ,” ಎಂದು ಗಂಡ ಮುರಿಗೆಪ್ಪನವರನ್ನು ತರಕಾರಿಗೆ ಅಟ್ಟಿ, ಕೈಪಿಡಿ ಬಿಚ್ಚಿ ಕೂತರು.

ಪ್ರಿಂಟರಿನ ಪುಟ್ಟ ಪರದೆಯಲ್ಲಿ ಅದರ ಐಪಿ ವಿಳಾಸ, ಅಂದರೆ ಮನೆಯ ವೈಫೈ ಜಾಲದಲ್ಲಿ ಅದರ ನಂಬರು, ಸಿಕ್ಕಿತು; ಕೊನೆಯ ಸಂಖ್ಯೆ ಇಪ್ಪತ್ತು. ಮೊಬೈಲಿನಲ್ಲಿ ಕ್ಯಾಮೆರಾದ ವಿಳಾಸ ನೋಡಿದರೆ ಅದೂ ಇಪ್ಪತ್ತೇ! ಒಂದೇ ನಂಬರಿನ ಎರಡು ಮನೆಯಿದ್ದರೆ ಅಂಚೆಯವನಾದರೂ ಏನು ಮಾಡಿಯಾನು? ಅವರು ಕಿಸಕ್ಕನೆ ನಕ್ಕರು. ವೈಫೈ ಹಂಚುವ ರೂಟರಿನ ಪಟ್ಟಿಯಲ್ಲಿ ಯಾರಿಗೂ ಕೊಡದ ನಲವತ್ತೈದನ್ನು ಹುಡುಕಿ ಪ್ರಿಂಟರಿಗೆ ಕೊಟ್ಟರು, ಕಂಪ್ಯೂಟರಿಗೂ ತಿಳಿಸಿದರು.

ಪ್ರಿಂಟರ್ ಗುರ್ರೆಂದು ಅರಿಸಿನ ಬಣ್ಣದ ಕಾರ್ಡನ್ನು ಹೊರದಬ್ಬಿತು. ಅತ್ತ ಕ್ಯಾಮೆರಾ ಕೂಡ ಎಚ್ಚರವಾಗಿತ್ತು! ಮೊಬೈಲಿನ ಪರದೆಯಲ್ಲಿ ಮುರಿಗೆಪ್ಪನವರು ಹಾಡು ಗುನುಗುತ್ತ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದರು.

ಸುಮಿತ್ರಮ್ಮ ಮೊಬೈಲಿನಿಂದಲೇ ಕ್ಯಾಮೆರಾದ ಸ್ಪೀಕರಿನಲ್ಲಿ ಕೂಗಿದರು: “ಏನ್ರೀ, ಕರಿಬೇವು ತಂದ್ರೇನು?”

ಗೋಡೆ ಮಾತಾಡಿದ್ದಕ್ಕೆ ಬೆಚ್ಚಿದ ಮುರಿಗೆಪ್ಪನವರು ಚೀಲವನ್ನು ಎದೆಗವಚಿಕೊಂಡರು. “ಮರತೇ ಹೋತು! ಈಗ ತರ್ತೇನಿ!” ಎಂದು ಕ್ಯಾಮೆರಾಕ್ಕೇ ಕೈಮುಗಿದು ಮೆಟ್ಟಿಲಿಳಿದು ಓಡಿದರು.

ಸುಮಿತ್ರಮ್ಮ ಹೊಟ್ಟೆ ಹಿಡಿದು ನಕ್ಕರು. ಕಾರ್ಡನ್ನು ಯಾರಿಗಾದರೂ ತೋರಿಸದಿದ್ದರೆ ಜೀವ ನಿಲ್ಲುವಂತಿರಲಿಲ್ಲ. ಮೇಲಿನ ಮಹಡಿಯ ಶ್ರೀವಿದ್ಯಾಳ ಹತ್ತಿರ ದಡದಡನೆ ಮೆಟ್ಟಿಲು ಹತ್ತಿದವರಿಗೆ, ತಮಗೆ ಮೊಣಕಾಲು ನೋವಿದೆ ಎಂಬುದು ನೆನಪಾದದ್ದು ಅವಳ ಬಾಗಿಲು ಬಡಿದ ಮೇಲೆಯೇ.