ಎಡಮೂಲೆಯ ಗಂಟು

ಹುಟ್ಟಿದ ದಿನವೇ ನನಗೆ ಐವತ್ತು ವರ್ಷ ದಾಟಿತ್ತು. ನಗಬೇಡಿ. ನಾನು ಒಂದು ಕೌದಿ. ಹಳೆಯ ಸೀರೆ, ಹಳೆಯ ಧೋತರ, ಹಳೆಯ ಕುಪ್ಪಸಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ದಾರ ಓಡಿಸಿದರೆ ನಮ್ಮ ಕುಲದವರು ಹುಟ್ಟುತ್ತೇವೆ. ಹೊಸ ಬಟ್ಟೆಯಲ್ಲಿ ಹೊಲಿದದ್ದನ್ನು ನೀವು ರಜಾಯಿ ಎನ್ನಿ, ಇನ್ನೇನಾದರೂ ಎನ್ನಿ, ಕೌದಿ ಎಂದು ಮಾತ್ರ ಕರೆಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ನಮ್ಮ ಮೇಲೆ ಮಲಗಿಕೊಂಡೇ ಕಟ್ಟಿರಬೇಕು ಎಂಬ ಸಣ್ಣ ಜಂಬವೂ ನನಗಿದೆ.

ನಾನು ಹುಟ್ಟಿದ್ದು ಗಜೇಂದ್ರಗಡದ ಒಂದು ನೇಕಾರರ ಓಣಿಯಲ್ಲಿ, ಬಸಲಿಂಗವ್ವನ ಮನೆಯಲ್ಲಿ. ಅವಳ ಕಿರಿಯ ಮಗಳು ಗಿರಿಜಾ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹುಟ್ಟುವ ಕೂಸು ಐದನೇ ತಿಂಗಳಲ್ಲಿ ಅಪ್ಪನ ಮನೆಗೆ ಹೊರಡುವಾಗ ತವರಿನ ಕೌದಿಯೊಂದು ಜೊತೆಗೆ ಹೋಗಬೇಕು. ಅದು ಆ ಮನೆಯ ಪದ್ಧತಿ. ಆದರೆ ನಲವತ್ತು ವರ್ಷ ಊರಿಗೆಲ್ಲ ಕೌದಿ ಹೊಲಿದುಕೊಟ್ಟ ಬಸಲಿಂಗವ್ವನ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸುವುದಿರಲಿ, ಸೂಜಿ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಆದ್ದರಿಂದ ಹಳೆ ಬಟ್ಟೆಯ ಮೂಟೆಯನ್ನು ಸೊಸೆ ಸಾವಂತ್ರಿಯ ಮುಂದೆ ಇಟ್ಟಳು.

ಮೂಟೆಯಲ್ಲಿ ಅಂಚು ಹರಿದ ಇಳಕಲ್ಲ ಸೀರೆ ಇತ್ತು, ಮಾವನ ಎರಡು ಧೋತರ ಇದ್ದವು, ಗಿರಿಜಾಳ ಶಾಲೆಯ ನೀಲಿ ಲಂಗವಿತ್ತು. ಎಲ್ಲಕ್ಕಿಂತ ತಳದಲ್ಲಿ ಬಸಲಿಂಗವ್ವ ತನ್ನ ತವರಿನಿಂದ ತಂದ ಹಳೆಯ ಕೌದಿಯೊಂದು, ಸವೆದು ತೆಳ್ಳಗಾಗಿ ಮಡಚಿ ಬಿದ್ದಿತ್ತು. ಹಳೆಯ ಕೌದಿಯನ್ನು ಹೊಟ್ಟೆಯಲ್ಲಿಟ್ಟು ಹೊಲಿದರೆ ಹೊಸದು ಹೆಚ್ಚು ಬೆಚ್ಚಗಿರುತ್ತದೆ. ಸಾವಂತ್ರಿ ಅದರ ತಲೆಯ ಕಡೆಯ ಕೆಂಪು ಪಟ್ಟಿ ನೋಡಿ, ನನ್ನ ತಲೆಯೂ ಅದೇ ಕಡೆ ಬರುವಂತೆ ಹಾಸಿದಳು.

ಈ ಸಾವಂತ್ರಿಯ ವಿಷಯ ಹೇಳಬೇಕು. ಬೆಳಗಿನಿಂದ ರೊಟ್ಟಿ, ನೀರು, ಬಸುರಿಯ ಪಥ್ಯ ಎಂದು ಓಡಾಡುವವಳು, ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಬಿಡಿಸಿಕೊಂಡು ಕೂರುತ್ತಿದ್ದಳು. ಆಗ ಅವಳ ಮುಖವೇ ಬೇರೆ. ಬಾಯಲ್ಲಿ ಸಣ್ಣಗೆ ಹಾಡು, ತುಟಿಯ ಮೇಲೆ ನಗು. ನೀಲಿಯ ಪಕ್ಕ ಹಳದಿ ಇಡಬೇಕೋ ಕೆಂಪು ಇಡಬೇಕೋ ಎಂದು ಅರ್ಧ ಗಂಟೆ ಯೋಚಿಸುವಳು. ಅವಳ ಗಂಡ ಈರಣ್ಣ ಒಮ್ಮೆ, “ಪ್ಯಾಟ್ಯಾಗ ಛಲೋ ಬ್ಲಾಂಕೆಟ್ ಸಿಗತಾವ, ಯಾಕ ಇಷ್ಟ ತ್ರಾಸ ತಗೋತಿ?” ಎಂದಿದ್ದ. ಅವಳು, “ತ್ರಾಸ ಅಂತ ನಿಮಗ ಯಾರ ಹೇಳಿದ್ರು? ದಿನದಾಗ ಇದೊಂದ ತಾಸು ನಂದು. ಅದಕ್ಕ ಕೈ ಹಚ್ಚಬ್ಯಾಡ್ರಿ,” ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅವಳು ಹೊಲಿಯುತ್ತಿದ್ದುದು ಎಡಗೈಯಲ್ಲಿ.

ಉಣ್ಣಲು, ಕೊಡಲು, ತೆಗೆದುಕೊಳ್ಳಲು ಚಿಕ್ಕಂದಿನಲ್ಲೇ ಪೆಟ್ಟು ತಿಂದು ಬಲಗೈ ರೂಢಿ ಮಾಡಿಕೊಂಡಿದ್ದಳು. ಸೂಜಿ ಹಿಡಿದರೆ ಮಾತ್ರ ಎಡಗೈ ತಾನಾಗಿಯೇ ಮುಂದೆ ಬರುತ್ತಿತ್ತು. ನಮ್ಮ ಕಡೆ ಬಲಗೈಯವರು ಕೌದಿಯನ್ನು ತಲೆಯ ಬಲಮೂಲೆಯಲ್ಲಿ ಗಂಟು ಹಾಕಿ ಶುರು ಮಾಡುತ್ತಾರೆ, ದಾರ ಎಡಕ್ಕೆ ಹೋಗುತ್ತದೆ. ಸಾವಂತ್ರಿ ಎಡಮೂಲೆಯಲ್ಲಿ ಗಂಟು ಹಾಕಿ ಬಲಕ್ಕೆ ಹೋದಳು. ನನಗೇನೂ ವ್ಯತ್ಯಾಸ ಅನಿಸಲಿಲ್ಲ. ಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗೆ ಸಣ್ಣಗೆ, ಒಂದೇ ಸಮನಾಗಿತ್ತು.

ಹೊರಸುತ್ತು ಮುಗಿದು ಒಳಗಿನ ಮೂರು ಸಾಲು ಆದಾಗ ಬಸಲಿಂಗವ್ವ, “ಎಲ್ಲೀತನ ಬಂತ, ತಾ ನೋಡೋಣ,” ಎಂದು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಣ್ಣು ಹೋದರೂ ಬೆರಳಿನ ಕಣ್ಣು ಹೋಗಿರಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸುತ್ತ ಮೊದಲು ತಲೆದೂಗಿದಳು. ಬಲಮೂಲೆಯಲ್ಲಿ ಗಂಟು ಹುಡುಕಿದಳು, ಸಿಗಲಿಲ್ಲ. ಎಡಮೂಲೆಯಲ್ಲಿ ಸಿಕ್ಕಿತು. ಅವಳ ಕೈ ಅಲ್ಲೇ ನಿಂತಿತು.

“ಸಾವಂತ್ರೀ, ಎಡಗೈಲೆ ಹೊಲದಿ ಏನ?”

“ಹೌದ್ರಿ ಅತ್ತಿ. ನನಗ ಬಲಗೈಲೆ ಬರಂಗಿಲ್ರಿ.”

“ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ! ಕೂಸಿನ ಮೈಮ್ಯಾಲ ಎಡಗೈ ಹೊಲಿಗಿ ಬೀಳಬಾರದು. ಅಷ್ಟೂ ಗೊತ್ತಿಲ್ಲೇನ ನಿನಗ? ಬಿಚ್ಚ ಎಲ್ಲಾ.”

ಎಲ್ಲ ಬಣ್ಣ ಮಸಿ ನುಂಗಿತು. ಸಾವಂತ್ರಿ ಬ್ಲೇಡು ತಂದು ಮೂರು ವಾರದ ಹೊಲಿಗೆಯನ್ನು ಎರಡು ಮಧ್ಯಾಹ್ನಗಳಲ್ಲಿ ಬಿಚ್ಚಿದಳು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳ ಕಣ್ಣಲ್ಲಿ ತುಂಬಿದ ನೀರು ಕೆಳಗೆ ಬೀಳದಂತೆ ತಡೆದುಕೊಂಡದ್ದನ್ನು ನೋಡಿ ನಾನೂ ತಡೆದುಕೊಂಡೆ.

ಆಮೇಲೆ ಬಲಗೈಯಲ್ಲಿ ಶುರು ಮಾಡಿದಳು. ಅಯ್ಯೋ, ಆ ಹತ್ತು ದಿನ ಯಾರಿಗೂ ಬೇಡ! ಒಂದು ಹೊಲಿಗೆ ಗೇಣುದ್ದ, ಇನ್ನೊಂದು ಸಾಸಿವೆಯಷ್ಟು. ಸಾಲು ಹಾವಿನ ಹಾಗೆ ಹರಿಯಿತು. ಎಡಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿ ನೀಲಿ ಲಂಗದ ಮೇಲೆ ರಕ್ತದ ಚುಕ್ಕೆ ಬಿತ್ತು. ಹಾಡು ನಿಂತೇಹೋಯಿತು. ಅತ್ತೆ ಮುಟ್ಟಿ ನೋಡಿ, “ಹೋಗ್ಲಿ ಬಿಡು, ನಡೀತೈತಿ,” ಎಂದಳು. ನಡೆಯುತ್ತದೆ ಎಂಬ ಮಾತೇ ಸಾವಂತ್ರಿಗೆ ನಾಟಿತು ಎಂದು ಕಾಣುತ್ತದೆ. ಮರುದಿನ ಯಾರೂ ಹೇಳದೆಯೇ ಬ್ಲೇಡು ತಂದು ಅದಷ್ಟನ್ನೂ ಬಿಚ್ಚಿಹಾಕಿದಳು. ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತಳು.

“ಅತ್ತಿ, ನಾ ಎಡಗೈಲೆನ ಹೊಲಿತೀನ್ರಿ. ಕದ್ದು ಹೊಲಿಯಾಂಗಿಲ್ಲ, ನಿಮ್ಮ ಮುಂದನ ಹೊಲಿತೀನಿ. ಕೂಸಿಗಿ ಬ್ಯಾಡಂದ್ರ ಬ್ಯಾಡ, ನಾನ ಹೊಚ್ಚಗೋತೀನಿ. ಆದ್ರ ಕೆಟ್ಟ ಹೊಲಿಗಿ ನನ್ನ ಕೈಲೆ ಆಗಂಗಿಲ್ಲ.”

“ಹೊಲಕೋ. ಕೂಸಿನ ಹತ್ರ ಮಾತ್ರ ತರಬ್ಯಾಡ,” ಎಂದಳು ಬಸಲಿಂಗವ್ವ. ಅದೇ ವಾರ ಮಗನನ್ನು ಕಳಿಸಿ ಹುಲಿಯ ಚಿತ್ರವಿದ್ದ ಮಿಲ್ಲಿನ ಬ್ಲಾಂಕೆಟ್ ತರಿಸಿದಳು. ಹುಲಿಗೆ ಬಲಗೈಯೂ ಇರಲಿಲ್ಲ, ಎಡಗೈಯೂ ಇರಲಿಲ್ಲ, ಅದಕ್ಕೆ ಯಾವ ತಕರಾರೂ ಬರಲಿಲ್ಲ.

ನನಗೆ ಬೇಕಿದ್ದದ್ದು ಒಂದೇ, ಆ ಕೂಸಿಗೆ ಹೊದಿಕೆಯಾಗುವುದು. ಅದಕ್ಕೆಂದೇ ನನ್ನನ್ನು ಹಾಸಿದ್ದರು. ಸಾವಂತ್ರಿಗೂ ಬೇಕಿದ್ದದ್ದು ಅದೇ. ಬಾಯಿಬಿಟ್ಟು ಹೇಳದಿದ್ದರೂ ಅವಳು ಹಾಕಿದ ಒಂದೊಂದು ಹೊಲಿಗೆಯಲ್ಲೂ ನನಗದು ತಿಳಿಯುತ್ತಿತ್ತು. ಹಾಡು ಮರಳಿ ಬಂತು. ಗಿರಿಜಾಗೆ ಹೆಣ್ಣು ಕೂಸು ಹುಟ್ಟಿತು. ನಾಮಕರಣದ ಹೊತ್ತಿಗೆ ನಾನು ಪೂರ್ತಿಯಾಗಿದ್ದೆ, ಎಡಮೂಲೆಯ ಗಂಟಿನ ಹತ್ತಿರ ಒಂದು ಅಂಗೈ ಅಗಲದ ಬಾಯಿಯೊಂದನ್ನು ಬಿಟ್ಟು.

ಆ ಬಾಯಿ ಏಕೆಂದರೆ, ಕೌದಿಗೆ ಉಣಿಸದೆ ಮುಚ್ಚಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ಆ ಮನೆಯಲ್ಲಿ ನಂಬುತ್ತಿದ್ದರು. ಖಡಕ್ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯಬೇಕು. ಅಂದು ಮನೆಯಲ್ಲಿ ನಾಮಕರಣದ ಹೋಳಿಗೆ ಮಾಡಿದ್ದರು. ಸಾವಂತ್ರಿ ರೊಟ್ಟಿಯ ಬುಟ್ಟಿಗೆ ಕೈ ಹಾಕಿದವಳು ಕೈ ಹಿಂದೆ ತೆಗೆದಳು. ಕೂಸಿನ ಕೌದಿಗೆ ಒಣರೊಟ್ಟಿ ಏಕೆ, ಸಿಹಿಯನ್ನೇ ಉಣಿಸೋಣ ಎಂದು ತುಪ್ಪ ಹಚ್ಚಿದ ಹೋಳಿಗೆಯ ತುಂಡನ್ನು ನನ್ನ ಬಾಯಿಗಿಟ್ಟು ಹೊಲಿದುಬಿಟ್ಟಳು. ಪ್ರೀತಿ ಹೆಚ್ಚಾದಾಗ ಜಾಣರೂ ಹೀಗೆ ಎಡವುತ್ತಾರೆ. ನನಗಂತೂ ರುಚಿಯಾಗಿಯೇ ಇತ್ತು.

ಮೊದಲು ಇರುವೆ ಬಂದವು. ನಾಲ್ಕನೇ ದಿನ ಇಲಿ ಬಂತು. ಟ್ರಂಕಿನ ಮೇಲೆ ಮಡಚಿಟ್ಟ ನನ್ನ ಮೂಲೆಯನ್ನು ಗಂಟಿನ ಸಮೇತ ಕಡಿದು, ಹೋಳಿಗೆ ತಿಂದು, ಬೇಕೆಂದೇ ಇನ್ನೂ ಸ್ವಲ್ಪ ಕಡಿದು ಹೋಯಿತು.

“ನೋಡ್, ಎಡಗೈ ಕೆಲಸ!” ಎಂದಳು ಬಸಲಿಂಗವ್ವ.

“ಕೈದು ತಪ್ಪಲ್ರಿ ಅತ್ತಿ, ಹೋಳಿಗಿದು ತಪ್ಪು. ನಾ ಹೋಳಿಗಿ ಇಟ್ಟಿದ್ದೆ,” ಎಂದಳು ಸಾವಂತ್ರಿ. ತೇಪೆಗೆ ಬಟ್ಟೆ ತರಲು ಎದ್ದಳು.

ಬಸಲಿಂಗವ್ವನಿಗೆ ನಗು ಬಂದಿತ್ತು, ಅದನ್ನು ತೋರಿಸದಿರಲು, “ತಾ ಇಲ್ಲಿ, ಎಷ್ಟ ಹರದೈತಿ ನೋಡತೀನಿ,” ಎಂದು ನನ್ನನ್ನು ತೆಗೆದುಕೊಂಡಳು. ತೂತಿನೊಳಗೆ ಬೆರಳು ತೂರಿಸಿದಳು. ಬೆರಳು ನನ್ನ ಹೊಟ್ಟೆಯಲ್ಲಿದ್ದ ಹಳೆಯ ಕೌದಿಯ ಮೂಲೆಯನ್ನು ಮುಟ್ಟಿತು. ಅಲ್ಲಿ ಒಂದು ಗಂಟಿತ್ತು.

“ಇದು ನಮ್ಮವ್ವನ ಕೌದಿ ಅಲ್ಲೇನ?”

“ಹೌದ್ರಿ. ಮೂಟಿ ತಳದಾಗಿತ್ತು.”

“ಅದರ ತಲಿ ಯಾವ ಕಡೆ ಹಾಸೀದಿ?”

“ಇದ ಕಡೆ ಐತ್ರಿ. ಕೆಂಪ ಪಟ್ಟಿ ನೋಡಿನ ಹಾಸೀನಿ.”

ಮುದುಕಿ ಆ ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಆಮೇಲೆ, “ಬಲಮೂಲಿನೂ ಬಿಚ್ಚು,” ಎಂದಳು. ಸಾವಂತ್ರಿ ಬಿಚ್ಚಿದಳು. ಬಸಲಿಂಗವ್ವ ಅಲ್ಲೂ ಬೆರಳಾಡಿಸಿದಳು. ಅಲ್ಲಿ ಗಂಟು ಇರಲಿಲ್ಲ. ಎಡಕ್ಕೆ ಮರಳಿ ಬಂದು ಹಳೆಯ ಹೊಲಿಗೆಯನ್ನೇ ಹಿಡಿದು ಬಲಕ್ಕೆ ಒಂದು ಗೇಣು ಹೋದಳು.

“ಅವ್ವ ಕೌದಿ ಹಿಡದ್ಲು ಅಂದ್ರ ಬಾಗಲಾ ಹಾಕ್ಕೊಂತಿದ್ಲು,” ಎಂದಳು ಮೆಲ್ಲಗೆ. “ನಾವ ಹುಡುಗೂರು ಎಷ್ಟ ಬಡದ್ರೂ ತಗೀತಿದ್ದಿಲ್ಲ. ಗದ್ಲ ಬ್ಯಾಡಂತ ಹಾಕ್ಕೊಂತಾಳ ಅನಕೊಂಡಿದ್ವಿ. ಎಡಗೈ ಯಾರರ ನೋಡ್ಯಾರು ಅಂತ ಹಾಕ್ಕೊಂತಿದ್ಲು, ಸಾವಂತ್ರೀ. ಜೀವಮಾನೆಲ್ಲಾ ಹಾಕ್ಕೊಂಡ್ಲು.”

ಅವಳು ಅತ್ತಳು. ಸಾವಂತ್ರಿಯೂ ಅತ್ತಳು. ನಡುವೆ ಸಿಕ್ಕಿಕೊಂಡ ನಾನು ಇಬ್ಬರ ಕಣ್ಣೀರಿಗೂ ಒದ್ದೆಯಾದೆ. ಸ್ವಲ್ಪ ಹೊತ್ತಿಗೆ ಬಸಲಿಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಎದ್ದ ಹೋಗಿ ಬಾಗಲಾ ಪೂರಾ ತಗಿ. ಅಲ್ಲೆ ಬೆಳಕಿನ್ಯಾಗ ಕುಂತ ಹೊಲಿ,” ಎಂದಳು. ಅಂದಿನಿಂದ ಸಾವಂತ್ರಿ ಹೊರಗಿನ ಕಟ್ಟೆಯ ಮೇಲೆ, ಓಣಿಯವರೆಲ್ಲ ನೋಡುವಂತೆ ಕೂತು ನನ್ನನ್ನು ರಿಪೇರಿ ಮಾಡಿದಳು. ಎಡಮೂಲೆಯಲ್ಲಿ ಹೊಸ ಗಂಟು ಹಾಕಿದಳು. ಈ ಸಲ ಒಳಗಿಟ್ಟದ್ದು ಖಡಕ್ ರೊಟ್ಟಿ.

ಐದನೇ ತಿಂಗಳು ರೋಣದಿಂದ ಬೀಗತಿ ಪಾರ್ವತೆವ್ವ ಸೊಸೆಯನ್ನೂ ಮೊಮ್ಮಗಳನ್ನೂ ಕರೆದೊಯ್ಯಲು ಬಂದಳು. ಬಂದವಳು ಮೊದಲು ನನ್ನನ್ನೇ ಬಿಡಿಸಿ ನೋಡಿದಳು.

“ಅಯ್ಯ, ಗಂಟ ಎಡಮೂಲ್ಯಾಗ ಐತಲ್ಲ! ಎಡಗೈಲೆ ಹೊಲದಾರೇನ? ಕೂಸಿಗಿ ಇದನ್ನ ಹೊಚ್ಚೂದ?”

ಸಾವಂತ್ರಿ ಉತ್ತರ ಕೊಡಲು ಮುಂದೆ ಬಂದಳು. ಅಷ್ಟರಲ್ಲಿ ಬಸಲಿಂಗವ್ವ ಕೈಯೆತ್ತಿ ಅವಳನ್ನು ತಡೆದಳು.

“ಹೌದ್ರಿ ಬೀಗತಿ. ನನ್ನ ಸೊಸಿ ಹೊಲದಾಳ, ಎಡಗೈಲೆನ ಹೊಲದಾಳ. ನಮ್ಮವ್ವನೂ ಎಡಗೈಲೆನ ಹೊಲಿತಿದ್ಲು. ಅದನ್ನ ಹೊಚ್ಚಗೊಂಡ ನಾ ಬೆಳದೀನಿ. ಅರವತ್ತ ತುಂಬಿದಾವು, ನನಗೇನಾಗೇತಿ?”

“ಕಣ್ಣ ಕಾಣವಲ್ಲವಲ್ರಿ,” ಎಂದಳು ಪಾರ್ವತೆವ್ವ. ಅವಳೇನು ಕಡಿಮೆಯವಳಲ್ಲ.

“ಕಣ್ಣ ವಯಸ್ಸಿಗಿ ಹೋಗ್ಯಾವು, ಕೌದಿಗಿ ಅಲ್ಲ. ನಿಮಗೂ ಹೋಗತಾವ, ತಡೀರಿ.”

ಗಿರಿಜಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಪಾರ್ವತೆವ್ವನಿಗೂ ನಗು ತಡೆಯಲಾಗಲಿಲ್ಲ. ಬಸಲಿಂಗವ್ವ ತಡವರಿಸುತ್ತ ಬಂದು, ಕೂಸನ್ನು ತಾನೇ ನನ್ನಲ್ಲಿ ಸುತ್ತಿ ಬೀಗತಿಯ ಕೈಗೆ ಕೊಟ್ಟಳು. ಹುಲಿಯ ಬ್ಲಾಂಕೆಟ್ ಈರಣ್ಣನ ಪಾಲಾಯಿತು.

ಹೀಗೆ ನಾನು ರೋಣಕ್ಕೆ ಹೋದೆ. ಆ ಕೂಸು ಮಂದಾಕಿನಿ ನನ್ನ ಮೇಲೆ ಬೋರಲು ಬಿದ್ದು, ಅಂಬೆಗಾಲಿಟ್ಟು, ಉಚ್ಚೆ ಹೊಯ್ದು ದೊಡ್ಡವಳಾದಳು. ಅವಳ ತಮ್ಮನೂ ಅದನ್ನೇ ಮಾಡಿದ. ಬಂದ ನೆಂಟರೆಲ್ಲ ಎಳೆದೆಳೆದು ಹೊದ್ದರು. ಕೆಲವು ವರ್ಷ ಇಸ್ತ್ರಿ ಮಾಡಲು ಟೇಬಲ್ಲಿನ ಮೇಲೆ ಹಾಸಿ ನನ್ನ ಬೆನ್ನು ಸುಟ್ಟರು. ಮಂದಾ ಓದಿ ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು. ರಜೆಯ ದಿನ ಕಿಟಕಿಯ ಪಕ್ಕ ನನ್ನನ್ನು ಹಾಸಿಕೊಂಡು ಕಾದಂಬರಿ ಓದುತ್ತಾಳೆ. ಪುಟ ತಿರುವುವುದನ್ನೂ ಮರೆತು ಓದುವಾಗ ಅವಳ ಕಾಲ್ಬೆರಳು ನನ್ನ ಹೊಲಿಗೆಯನ್ನು ಕೆರೆಯುತ್ತಿರುತ್ತದೆ. ಕೆರೆದೂ ಕೆರೆದೂ ನಾನು ನಡುವೆ ಹರಿದೆ.

“ಗಾಡಿ ಒರಸಾಕ ಇಡು,” ಎಂದಳು ಗಿರಿಜಾ. ಮಂದಾ ಕೇಳಲಿಲ್ಲ. ಬಸ್ಸು ಹತ್ತಿ ನನ್ನನ್ನು ಗಜೇಂದ್ರಗಡಕ್ಕೆ ತಂದಳು.

ಬಸಲಿಂಗವ್ವ ಈಗಿಲ್ಲ. ಸಾವಂತ್ರಿಯ ಕೂದಲು ಬೆಳ್ಳಗಾಗಿದೆ. ಅವಳು ಈಗಲೂ ಕಟ್ಟೆಯ ಮೇಲೆಯೇ ಕೂತು ಹೊಲಿಯುತ್ತಾಳೆ. ನನ್ನನ್ನು ಕಂಡವಳೇ ಮುಖಕ್ಕೆ ಒತ್ತಿಕೊಂಡು ಸೂಜಿ ಎತ್ತಿದಳು.

“ಅತ್ತಿ, ನೀವ ಹೊಲಕೊಡಬ್ಯಾಡ್ರಿ. ನನಗ ಕಲಸ್ರಿ,” ಎಂದಳು ಮಂದಾ.

ಅವಳು ಸಾವಂತ್ರಿಯ ಪಕ್ಕದಲ್ಲಿ ಕೂತು ನೋಡಿ ನೋಡಿ ಹೊಲಿದಳು. ಅತ್ತೆಯ ಕೈ ಒಂದು ಕಡೆ ಹೋದರೆ ಇವಳದು ಇನ್ನೊಂದು ಕಡೆ. ದಾರ ಸಿಕ್ಕಾಯಿತು. ಮೂರು ಸಲ ಬಿಚ್ಚಿ ನಾಲ್ಕನೇ ಸಲಕ್ಕೆ ಮಂದಾ ಬೆವರೊರೆಸಿಕೊಂಡಳು. “ನನಗ ಬರಂಗಿಲ್ಲ ಅನಸತೈತ್ರಿ. ನಿಮ್ಮದು ಎಡಗೈ, ನಂದು ಬಲಗೈ.”

ಸಾವಂತ್ರಿ ಅವಳ ಕೈಯನ್ನೇ ನೋಡಿದಳು.

“ಬಾಜೂಕ ಕೂಡಬ್ಯಾಡ. ಇಲ್ಲೆ ನನ್ನ ಎದುರಿಗಿ ಬಾ. ಕನ್ನಡ್ಯಾಗ ನೋಡಿದಂಗ ನೋಡು. ಈಗ ನನ್ನ ಕೈ ಯಾವ ಕಡೆ ಐತಿ, ನಿಂದೂ ಅದ ಕಡೆ ಐತಿಲ್ಲ?”

ಮಂದಾ ಎದುರಿಗೆ ಬಂದು ಕೂತಳು. ಎರಡು ಸೂಜಿಗಳೂ ಒಟ್ಟಿಗೆ ನನ್ನೊಳಗೆ ಇಳಿದವು, ಒಟ್ಟಿಗೆ ಮೇಲೆ ಬಂದವು, ಒಂದೇ ಕಡೆಗೆ ಸಾಗಿದವು.

“ಅಯ್ಯ, ಇಷ್ಟ ಸರಳ ಇತ್ತ!” ಎಂದಳು ಮಂದಾ. “ನಿಮಗ ಯಾರ ಹಿಂಗ ಕಲಸಿದ್ರು?”

“ಯಾರೂ ಇಲ್ಲವ್ವ,” ಎಂದಳು ಸಾವಂತ್ರಿ, ಹೊಲಿಗೆಯಿಂದ ಕಣ್ಣು ತೆಗೆಯದೆ. “ಎಲ್ಲಾರೂ ಬಾಜೂಕ ಕುಂತ ಕೈಮ್ಯಾಲ ಹೊಡದ್ರು. ಎದುರಿಗಿ ಬಂದ ಯಾರೂ ಕೂಡಲಿಲ್ಲ.”

ಮಂದಾ ಮೊಣಕಾಲು ಮುಂದೆ ಸರಿಸಿ ಅತ್ತೆಗೆ ಇನ್ನಷ್ಟು ಹತ್ತಿರ ಕೂತಳು. ಈಗ ನಾನು ಇಬ್ಬರ ತೊಡೆಯ ಮೇಲೂ ಇದ್ದೇನೆ. ಮುದಿ ಬಟ್ಟೆ ನಾನು, ಇನ್ನೆಷ್ಟು ದಿನ ತಾಳುತ್ತೇನೋ ಗೊತ್ತಿಲ್ಲ. ಹನ್ನೆರಡು ಸಾಲು ಬಾಕಿ ಇವೆ, ಅವು ಮುಗಿಯುವ ತನಕ ಹರಿಯುವುದಿಲ್ಲ ಎಂದು ನಾನೂ ಹಠ ಹಿಡಿದಿದ್ದೇನೆ.