ಕಿವಿಯ ಹಿಂದಿನ ಚುಕ್ಕೆ

ಚುಕ್ಕೆ ಅಕ್ಕ ಎದುರಿಗೆ ಸಿಕ್ಕವರ ಮುಖವನ್ನು ಮೊದಲು ನೋಡುವವಳಲ್ಲ. ಅವಳ ದೃಷ್ಟಿ ನೇರವಾಗಿ ಹೋಗುವುದು ಕಿವಿಯ ಹಿಂಬದಿಗೆ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತೆಯ ಕೂದಲಂಚು ಕೆಂಪಾಗಿದ್ದುದನ್ನು ಕಂಡು, ತಾನು ಇಳಿಯಬೇಕಾದ ನಿಲ್ದಾಣ ದಾಟಿಹೋದರೂ ಲೆಕ್ಕಿಸದೆ, "ಅಲ್ಲ ನೋಡಿ, ಇದು ಎಷ್ಟು ದಿನದಿಂದ ತುರಿಸ್ತಿದೆ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡವಳು. ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅವಳ ಪುಟ್ಟ ಅಂಗಡಿಯಲ್ಲಿ ಇರುವುದು ಒಂದೇ ಕಾನೂನು. ಪ್ರತಿ ಸಲವೂ ಬಣ್ಣವನ್ನು ಮೊದಲು ಸಾಸಿವೆಯಷ್ಟು ಕಿವಿಯ ಹಿಂದೆ ಹಚ್ಚಬೇಕು, ಎರಡು ದಿನ ಕಾಯಬೇಕು. ತುರಿಕೆ ಇಲ್ಲ, ಊತ ಇಲ್ಲ ಎಂದಾದರೆ ಮಾತ್ರ ಕುರ್ಚಿಯ ಮೇಲೆ ಕೂರಬೇಕು. ಆ ಚುಕ್ಕೆ ಅವಳ ಹೆಸರನ್ನೇ ನುಂಗಿಹಾಕಿದೆ. ಒಡಹುಟ್ಟಿದ ತಂಗಿಯೂ ಅವಳನ್ನು ಹಾಗೆಯೇ ಕರೆಯುವುದು.

ಕುಳ್ಳು ದೇಹ, ದಿನವಿಡೀ ನಿಂತು ನಿಂತು ಅತ್ತಿತ್ತ ತೂಗಾಡುವ ನಡಿಗೆ, ಮೂಲ ಬಣ್ಣ ಯಾವುದೆಂದು ಅವಳಿಗೇ ಮರೆತುಹೋಗಿರುವ ಒಂದು ಉದ್ದನೆಯ ಕೋಟು. ಅದರ ಮೇಲಿನ ಜೇಬಿನಲ್ಲಿ ಬಾಚಣಿಗೆಯ ಪಕ್ಕದಲ್ಲೇ ಒಂದು ಭೂತಗನ್ನಡಿ. ಬಣ್ಣದ ಪೆಟ್ಟಿಗೆಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಸಣ್ಣಕ್ಷರದ ಕಾಗದವನ್ನು ಅವಳ ಕಸುಬಿನವರೆಲ್ಲ ಪೆಟ್ಟಿಗೆಯ ಜೊತೆಗೇ ಬುಟ್ಟಿಗೆ ಎಸೆಯುತ್ತಾರೆ. ಇವಳು ಮಾತ್ರ ಅದನ್ನು ಮೇಜಿನ ಮೇಲೆ ಹರವಿ, ಬೆರಳಿಟ್ಟು, ತುಟಿಯಲ್ಲೇ ಗುನುಗುತ್ತ ಕೊನೆಯ ಸಾಲಿನವರೆಗೂ ಓದುತ್ತಾಳೆ. ತಾಯಿ ಹಾಸಿಗೆ ಹಿಡಿದದ್ದರಿಂದ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ 'ನೈಸರ್ಗಿಕ' ಎಂದು ಅಚ್ಚಾಗಿದ್ದರೂ ಹಿಂಭಾಗದ ಸಣ್ಣಕ್ಷರದಲ್ಲಿ ತುರಿಕೆ ತರುವ ರಾಸಾಯನಿಕದ ಹೆಸರು ಇರಬಹುದೆಂದು ಇಡೀ ಬೀದಿಗೆ ತಿಳಿಸಿಕೊಟ್ಟವಳೂ ಅವಳೇ.

ಗಿರಾಕಿಗಳನ್ನು ಅವಳು ನೆನಪಿಟ್ಟುಕೊಳ್ಳುವುದು ಅವರಿಗೆ ಒಗ್ಗದ ವಸ್ತುಗಳಿಂದ. ಬೆಕ್ಕು ಸುಳಿದರೆ ಸೀನಿ ಸೀನಿ ಕಣ್ಣೀರಿಡುವವರು ಬೆಕ್ಕಿನಮ್ಮ. ಅಗ್ಗದ ಓಲೆ ಹಾಕಿದರೆ ಕಿವಿ ಸೋರುವವರು ಓಲೆಯಮ್ಮ. ರಬ್ಬರ್ ಕೈಗವಸು ತಾಗಿದಲ್ಲೆಲ್ಲ ದದ್ದು ಏಳುವ ನನ್ನಂಥವರು ರಬ್ಬರಮ್ಮ. ನಾನು ಹೋದ ದಿನ ಅವಳು ಬೇರೆ ಕೈಗವಸು ತೊಡುತ್ತಾಳೆ, ನಾನು ಒಮ್ಮೆಯೂ ನೆನಪಿಸಬೇಕಾಗಿ ಬಂದಿಲ್ಲ. ಎದುರಂಗಡಿಯಲ್ಲಾದರೋ ಚುಕ್ಕೆಯೂ ಇಲ್ಲ, ಕಾಯುವುದೂ ಇಲ್ಲ, ಅರ್ಧ ಗಂಟೆಯಲ್ಲಿ ತಲೆ ಕಪ್ಪು. "ನಿನ್ನ ಚುಕ್ಕೆ ದೆಸೆಯಿಂದ ಅರ್ಧ ಗಿರಾಕಿ ಅವರ ಪಾಲಾಯ್ತು," ಎಂದು ತಂಗಿ ಗೊಣಗುವುದು ನಿತ್ಯದ ಸಂಗತಿ.

ಒಂದು ಗುರುವಾರ ಸಂಜೆ ಊರ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದರು. ಚುಕ್ಕೆ ಅಕ್ಕನಿಗೆ ಅಕ್ಷರ ಕಲಿಸಿದವರು. ಶನಿವಾರ ಅವರ ನಿವೃತ್ತಿಯ ಬೀಳ್ಕೊಡುಗೆ. ಮೂವತ್ತೈದು ವರ್ಷದ ಶಿಷ್ಯರೆಲ್ಲ ಸೇರುವವರಿದ್ದರು.

"ಬೇಗ ಹಚ್ಚು, ನಾಳೆ ಪುರಸೊತ್ತಿಲ್ಲ."

"ಹೋದ ಸಲ ಹಚ್ಚಿದ ಮೇಲೆ ತುರಿಸಿತ್ತಾ, ಮೇಡಂ?"

"ಎರಡು ದಿನ ಸ್ವಲ್ಪ. ಬೇಸಿಗೆ ಅಲ್ವಾ. ಹನ್ನೆರಡು ವರ್ಷದಿಂದ ಹಚ್ಚಿಸ್ಕೊಳ್ತಿದೀನಿ, ನನಗೇನಾಗುತ್ತೆ?"

"ಅಲ್ಲ ನೋಡಿ ಮೇಡಂ, ಹನ್ನೆರಡು ವರ್ಷ ಸುಮ್ನಿದ್ದ ಮೈ ಹದಿಮೂರನೇ ವರ್ಷ ತಿರುಗಿಬೀಳಬಹುದು. ಕಾಗದದಲ್ಲಿ ಬರೆದಿದೆ."

"ನಾನು ಕಲಿಸಿದ ಅಕ್ಷರಾನ ನನಗೇ ಓದಿ ಹೇಳ್ತೀಯಾ?"

ತರಗತಿಯಲ್ಲಿ ಆ ಧ್ವನಿಗೆ ತಲೆಯೆತ್ತಿದವಳಲ್ಲ ಅವಳು. ಚುಕ್ಕೆ ಏನೂ ಆಗದೆ ಸುಮ್ಮನೆ ಒಣಗಿಹೋದರೆ, ತನ್ನ ಹಟದಿಂದಾಗಿ ಗುರುಗಳು ಜೀವನದಲ್ಲಿ ಒಂದೇ ಸಲ ಬರುವ ದಿನದಂದು ಅರೆಬಿಳಿ ತಲೆಯಲ್ಲಿ ಊರೆದುರು ನಿಲ್ಲಬೇಕು. ಅವರ ಮುಂದೆ ಇನ್ನೆಂದೂ ಮುಖ ತೋರಿಸುವಂತಿಲ್ಲ. ಇವತ್ತೇ ಹಚ್ಚಿ, ಆ ತುರಿಕೆ ಬೇಸಿಗೆಯದ್ದಲ್ಲದೆ ಬಣ್ಣದ್ದೇ ಆಗಿದ್ದರೆ? ಅವಳು ಬಣ್ಣದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಹೌದು ಮೇಡಂ. ಇವತ್ತು ಹಚ್ಚಲ್ಲ."

"ಸರಿ, ಇಡು ನಿನ್ನ ಚುಕ್ಕೆ. ಏನೂ ಆಗ್ಲಿಲ್ಲ ಅಂದ್ರೆ ಈ ಬಾಗಿಲು ಮತ್ತೆ ತುಳಿಯಲ್ಲ," ಎಂದು ಅವರು ಕಿವಿಯೊಡ್ಡಿ, ಚುಕ್ಕೆ ಬಿದ್ದ ಕೂಡಲೇ ಎದ್ದು ನಡೆದರು.

ಶುಕ್ರವಾರವಿಡೀ ಚುಕ್ಕೆ ಅಕ್ಕನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಊದಿಕೊಂಡಿರಲಿ ಎಂದು ಒಂದು ಕ್ಷಣ ಬಯಸಿ, ಮರುಕ್ಷಣವೇ ತನ್ನನ್ನು ತಾನೇ ಶಪಿಸಿಕೊಂಡಳು. ಸಂಜೆ ಮುಖ್ಯೋಪಾಧ್ಯಾಯಿನಿ ಒಬ್ಬರೇ ಬಂದು ತಲೆಯ ಮೇಲಿನ ಶಾಲು ಸರಿಸಿದರು. ಸಾಸಿವೆಯಷ್ಟಿದ್ದ ಚುಕ್ಕೆ ಬಿಲ್ಲೆಯಗಲ ಉಬ್ಬಿ ನೀರೂರಿತ್ತು. ಕೆಂಪು ಕತ್ತಿನವರೆಗೂ ಇಳಿದಿತ್ತು. ಅವಳು ಅದನ್ನು ತಣ್ಣೀರಿನಲ್ಲಿ ತೊಳೆದು, ಎಣ್ಣೆ, ಪುಡಿ ಯಾವುದನ್ನೂ ಸೋಕಿಸದೆ, ಅಂಗಡಿಯನ್ನು ತಂಗಿಗೆ ಬಿಟ್ಟು ಅವರನ್ನು ವೈದ್ಯರ ಬಳಿಗೆ ಕರೆದೊಯ್ದಳು.

"ಇಡೀ ತಲೆಗೆ ಹಚ್ಚಿದ್ರೆ ನಾಳೆ ಎರಡೂ ಕಣ್ಣು ಮುಚ್ಚಿಹೋಗ್ತಿತ್ತು," ಎಂದರು ವೈದ್ಯರು. "ಇನ್ಮೇಲೆ ಈ ಬಣ್ಣ ಮುಟ್ಟಲೇಬಾರದು. ತುಟಿ, ನಾಲಿಗೆ ಊದಿಕೊಂಡ್ರೆ, ಉಸಿರು ಕಟ್ಟಿದ್ರೆ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ. ಬಣ್ಣದಲ್ಲಿ ಏನಿತ್ತು, ಗೊತ್ತಾ?" ಚುಕ್ಕೆ ಅಕ್ಕ ಕೋಟಿನ ಜೇಬಿನಿಂದ ಕಾಗದ ತೆಗೆದುಕೊಟ್ಟಳು. ವೈದ್ಯರು ಪೆನ್ನು ಹಿಡಿದು ಹುಡುಕಿದ ಹೆಸರಿನ ಕೆಳಗೆ ಅವಳು ಆಗಲೇ ಗೆರೆ ಎಳೆದಿದ್ದಳು. ಮುಖ್ಯೋಪಾಧ್ಯಾಯಿನಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

ಶನಿವಾರ ಬೆಳಗ್ಗೆ ಅಂಗಡಿ ಬೇಗ ತೆರೆಯಿತು. ಹಳೆಯ ಬಣ್ಣ ಉಳಿದಿದ್ದ ತುದಿಗಳನ್ನೆಲ್ಲ ಕತ್ತರಿಸಿ, ಕಿವಿಯ ಗಾಯಕ್ಕೆ ತಾಗದಂತೆ, ಅವಳು ಆ ಬಿಳಿಗೂದಲಿಗೊಂದು ಗಿಡ್ಡನೆಯ ಅಂದ ಕೊಟ್ಟಳು. ಸಮಾರಂಭದ ಸಭಾಂಗಣದಲ್ಲಿ ಬಾಗಿಲ ಬಳಿಯ ಕಂಬಕ್ಕೆ ಒರಗಿ ನಿಂತಿದ್ದಾಗ, ಒಳಗೆ ಬರುತ್ತಿದ್ದ ಗುರುಗಳನ್ನು ಸಹೋದ್ಯೋಗಿಯೊಬ್ಬರು ತಡೆದು ಕೇಳಿದ್ದು ಅವಳಿಗೆ ಕೇಳಿಸಿತು.

"ಇದೇನಿದು, ಇವತ್ತೇ ಬಣ್ಣ ಬಿಟ್ಟಿದೀರಿ?"

"ನಮ್ಮ ಹುಡುಗಿ ಬೇಡ ಅಂದ್ಲು."

"ಮಗಳಾ?"

"ಅಲ್ಲ. ನನ್ನ ವಿದ್ಯಾರ್ಥಿನಿ."

ನಲವತ್ತು ವರ್ಷದ ಆ ಹುಡುಗಿ ಕಂಬದ ಮರೆಯಲ್ಲಿ ಕಣ್ಣೊರೆಸಿಕೊಂಡಳು.

ಊದಿಕೊಳ್ಳದ ಮುಖವನ್ನು ಯಾರೂ ತಿರುಗಿ ನೋಡುವುದಿಲ್ಲ. ಕಟ್ಟದೆ ಹೋದ ಉಸಿರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಾಗಾಗಿ ಇನ್ನೊಮ್ಮೆ ಕೇಳುವವರನ್ನು, ಬೈದರೂ ಕೇಳುವವರನ್ನು, ನಾವು ಹಟಮಾರಿಗಳೆಂದು ಕರೆದು ಎದುರಂಗಡಿಗೆ ನಡೆದುಬಿಡುತ್ತೇವೆ. ನಮ್ಮ ಮೆಚ್ಚುಗೆಗಿಂತ ನಮ್ಮ ಮೈಯೇ ದೊಡ್ಡದೆಂದು ತಿಳಿದವರನ್ನು ಪ್ರೀತಿಸುವುದು ಸುಲಭವೂ ಅಲ್ಲ. ಆದರೂ ಪ್ರತಿ ಬೀದಿಯಲ್ಲೂ ಅಂಥವರೊಬ್ಬರು ಬಾಗಿಲು ತೆರೆದು ಕೂತಿರುವುದರಿಂದಲೇ ಉಳಿದ ನಾವೆಲ್ಲ ನಮ್ಮ ಅವಸರಗಳ ನಡುವೆ ಕ್ಷೇಮವಾಗಿದ್ದೇವೆ. ನಮ್ಮ ಬೀದಿಯಲ್ಲಿರುವವಳು ಇವಳು ಎಂದು ನಾನು ಎದೆಯುಬ್ಬಿಸಿ ಹೇಳುತ್ತೇನೆ.