ಹೊದಿಕೆ ನಿಲ್ಲದ ಕೂಸು

ಲಿಸೆಬೊಳ ತಲೆಯ ಎಡಭಾಗದ ಜಡೆಗಳು ಮುಗಿದಿದ್ದವು. ಬಲಭಾಗ ಇನ್ನೂ ಕೆದರಿದ ಉಣ್ಣೆಯ ಹಾಗೆ ನಿಂತಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ಬೊಕಾಂಗ್ ಅಳತೊಡಗಿದ.

"ಈಗ ತಾನೆ ಮಲಗಿಸಿ ಬಂದ್ಯಲ್ಲ," ಎಂದಳು ಲಿಸೆಬೊ. "ನಾಳೆ ತಂಗಿ ಮದುವೆ. ಅರ್ಧ ಹೆಂಗಸು, ಅರ್ಧ ಕುರಿ ಆಗಿ ಹೋಗ್ಲಾ ನಾನು?"

ಮಾಬೊಕಾಂಗ್ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಒಳಗೆ ಹೋದಳು. ಮಗ ಹುಟ್ಟಿದಂದಿನಿಂದ ಊರಿಗೆಲ್ಲ ಅವಳು ಬೊಕಾಂಗ್‌ನ ಅಮ್ಮ, ಮಾಬೊಕಾಂಗ್. ಹಳೆಯ ಹೆಸರಿನಿಂದ ಈಗ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲೇ ಕೂತು ಜಡೆ ಹೆಣೆದು ನಾಲ್ಕು ಕಾಸು ಸಂಪಾದಿಸುತ್ತಿದ್ದಳು. ಕೂಸು ಮಲಗಿದರೆ ಕೆಲಸ, ಎದ್ದರೆ ಇಲ್ಲ.

ಕೂಸು ಹಾಸಿಗೆಯಲ್ಲಿ ಅಡ್ಡಡ್ಡ ಮಲಗಿತ್ತು. ಹೊದಿಸಿದ್ದ ಎರಡು ಕಂಬಳಿಯಲ್ಲಿ ಒಂದು ನೆಲದ ಮೇಲಿತ್ತು, ಇನ್ನೊಂದು ಕಾಲ ಕೆಳಗೆ ಮುದ್ದೆಯಾಗಿತ್ತು. ಹೊರಗೆ ಮೊಖೊಟ್ಲಾಂಗ್‌ನ ಬೆಟ್ಟಗಳ ಮೇಲೆ ಹಿಮ ಬಿದ್ದು ಇನ್ನೂ ಕರಗಿರಲಿಲ್ಲ. ಅವಳು ಹೊದಿಸಿದಳು. ಅವನು ಎರಡೂ ಕಾಲು ಮೇಲೆತ್ತಿ ಧೊಪ್ಪನೆ ಬಡಿದು ಎಲ್ಲವನ್ನೂ ಒದ್ದ. ಕಂಬಳಿಯ ಅಂಚನ್ನು ಹಾಸಿಗೆಯ ಕೆಳಗೆ ತುರುಕಿದಳು. ಅವನು ಹುಳದ ಹಾಗೆ ನುಲಿದು ಪಕ್ಕದಿಂದ ಹೊರಗೆ ಬಂದ.

"ಇನ್ನೊಂದು ಹೊದಿಸು. ಭಾರಕ್ಕೆ ಸುಮ್ನಿರ್ತಾನೆ," ಎಂದು ಬಾಗಿಲಲ್ಲಿ ನಿಂತ ಅತ್ತೆ ಮಾಪೂಲೆ ಹೇಳಿದಳು.

"ಭಾರ ಹಾಕಿ ಮಲಗಿಸೋಕೆ ಅವನೇನು ಬೀಸೋ ಗಾಳಿಗೆ ಹಾರೋ ಛಾವಣಿನಾ, ಅತ್ತೆ?"

"ನನ್ನ ಮಕ್ಕಳೆಲ್ಲ ಹಾಗೇ ಬೆಳೆದ್ರು. ನಿನ್ನ ಗಂಡನೂ ಸೇರಿ."

ಆ ವಾರ ಚುಚ್ಚುಮದ್ದು ಹಾಕಿಸಲು ಹೋದಾಗ ಮಾಬೊಕಾಂಗ್ ನರ್ಸನ್ನು ಕೇಳಿದಳು. ಒದೆಯೋ ಕೂಸಿನ ಹಾಸಿಗೆಯಲ್ಲಿ ಸಡಿಲವಾದದ್ದು ಏನೂ ಇರಬಾರದು ಎಂದಳು ನರ್ಸ್. ದಿಂಬು ಬೇಡ, ಕಂಬಳಿ ಬೇಡ, ಟೊಪ್ಪಿ ಬೇಡ. ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಮಲಗಿಸೋದು, ಒದ್ದರೂ ಬಿಚ್ಚದಂಥ ಬಟ್ಟೆ ತೊಡಿಸೋದು, ಅಷ್ಟೇ. "ಕೈಕಾಲು ಮುಟ್ಟಿ ಚಳಿ ಅನ್ಬೇಡಿ. ಕತ್ತಿನ ಹಿಂದೆ ಮುಟ್ಟಿ ನೋಡಿ."

ಅತ್ತೆಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಆ ನರ್ಸ್ ಹುಡುಗಿ ಕೆಳಗಿನ ಬಯಲಿನವಳು. ಹಿಮ ಅಂದ್ರೆ ಏನು ಗೊತ್ತು ಅವಳಿಗೆ? ಕಂಬಳಿ ಇಲ್ದೆ ನಮ್ಮ ಮೊಸೊಥೊ ಕುಲದ ಕೂಸನ್ನ ಮಲಗಿಸ್ತಾಳಂತೆ."

"ಬೆನ್ನಿಗೆ ಕಟ್ಟಿಕೊಂಡಾಗ ಕಂಬಳಿ ಬಿಗಿಯಾಗಿರುತ್ತೆ, ಮುಖ ಹೊರಗಿರುತ್ತೆ. ಹಾಸಿಗೇಲಿ ಹಾಗಿರಲ್ಲ," ಎಂದಳು ಮಾಬೊಕಾಂಗ್.

"ಹಾಗಾದ್ರೆ ಬೆನ್ನಿಗೇ ಕಟ್ಟಿಕೋ."

ಇಡೀ ದಿನ ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಬಗ್ಗಿ ಜಡೆ ಹೆಣೆದು ಅವಳ ಸೊಂಟ ಬಿದ್ದುಹೋಗಿತ್ತು. ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ಪೇಟೆಯ ಅಂಗಡಿಯಲ್ಲಿ ಮಲಗುವ ಉಡುಪು ಅಂತ ಇದ್ದದ್ದು ಒಂದೇ ಬಗೆ. ಒಳಗೆಲ್ಲ ಪ್ಲಾಸ್ಟಿಕ್ಕಿನ ತುಪ್ಪಳ, ತಲೆಗೆ ಮುಸುಕು, ಮುಸುಕಿನ ಮೇಲೆ ಮೊಲದ ಕಿವಿ, ಕೊರಳಲ್ಲಿ ಎಳೆದು ಕಟ್ಟುವ ದಾರ, ಮುಟ್ಟಿದರೆ ಕೈಗೆ ಬರುವ ಗುಂಡಿಗಳು.

"ಕಿವಿ ಇಲ್ಲದ್ದು ಇಲ್ವಾ?"

"ಎಲ್ಲಾರೂ ಕಿವಿ ನೋಡಿಯೇ ತಗೊಳ್ಳೋದು, ಅಮ್ಮ," ಎಂದ ಅಂಗಡಿಯವನು.

"ಕಿವಿ ಹೊದ್ದುಕೊಂಡು ಮಲಗೋಕಾಗುತ್ತಾ?"

ಬೇರೆ ದಾರಿಯಿಲ್ಲದೆ ಅದನ್ನೇ ತಂದಳು. ಮನೆಯಲ್ಲಿ ಮುಸುಕು ಕತ್ತರಿಸಿದಳು, ದಾರ ಎಳೆದು ಬಿಸಾಡಿದಳು, ಗುಂಡಿ ಕಿತ್ತು ಮತ್ತೆ ಬಿಗಿಯಾಗಿ ಹೊಲಿದಳು. ಎರಡು ನಿದ್ದೆಗೇ ಬೊಕಾಂಗ್ ಬೆವರಿ ತೊಯ್ದ. ಕೊರಳ ಸುತ್ತ ಕೆಂಪು ಗುಳ್ಳೆ ಎದ್ದವು. "ನಾನು ಗಾಡೀಲಿ ನಡುಗ್ತೀನಿ, ಇವನು ಮನೇಲಿ ಬೆವರ್ತಾನೆ," ಎಂದು ವ್ಯಾನು ಓಡಿಸುವ ಅವಳ ಗಂಡ ಪೂಲೆ ನಕ್ಕ. ಅವಳು ನಗಲಿಲ್ಲ.

ಕೊನೆಗೆ ತಾನೇ ಹೊಲಿಯಲು ಕೂತಳು. ಮೇಲೆ ತೋಳಿಲ್ಲದ ಅಂಗಿ, ಕೆಳಗೆ ಮುಚ್ಚಿದ ಚೀಲ. ಹಳೆಯ ಮೆತ್ತನೆಯ ಹತ್ತಿ ಹಾಸು, ನಡುವೆ ತೆಳು ಉಣ್ಣೆ. ಮೊದಲನೆಯದರ ಕೊರಳು ದೊಡ್ಡದಾಯಿತು. ಅವನು ಒಳಕ್ಕೆ ಜಾರಿ ಕೂದಲಷ್ಟೇ ಕಾಣಿಸಿತು. ಎರಡನೆಯದು ಕೆಳಗೆ ಇಕ್ಕಟ್ಟಾಯಿತು. ಕಾಲು ಅಗಲಿಸಲಾಗದೆ ಅವನು ಅರಚಿದ ಅರಚಾಟಕ್ಕೆ ಪಕ್ಕದ ಮನೆಯವರು ಬಂದು ಇಣುಕಿದರು. "ಆಲೂಗಡ್ಡೆ ತುಂಬಿದ್ದೀಯಾ ಅಂತ ಕೇಳ್ತಾರೆ ಜನ," ಎಂದಳು ಅತ್ತೆ. ಮಾಬೊಕಾಂಗ್ ಎರಡೂ ಚೀಲಗಳನ್ನು ಗೋಡೆಗೆ ಎಸೆದು ಹೊರಗೆ ಹೋಗಿ ನಿಂತಳು.

ಭಾನುವಾರ ಚರ್ಚಿನ ಹೆಂಗಸರು ಕೂಸನ್ನು ನೋಡಲು ಬಂದರು. ಬಂದವರೆಲ್ಲ ಕಂಬಳಿಯನ್ನೇ ತಂದಿದ್ದರು. ಮಾಪೂಲೆ ಒಂದೊಂದನ್ನೂ ಬಿಡಿಸಿ, ಬಣ್ಣ ಹೊಗಳಿ, ಮಲಗಿದ್ದ ಮೊಮ್ಮಗನ ಪಕ್ಕ ಹಾಸಿಗೆಯ ಮೇಲೆ ಹರಡಿದಳು. ಮಾಬೊಕಾಂಗ್ ಹೊರಗಿನ ಒಲೆಯ ಮುಂದೆ ಚಹಾ ಕಾಯಿಸುತ್ತಿದ್ದಳು. ಲೋಟಗಳನ್ನು ಹಿಡಿದು ಒಳಗೆ ಬಂದಾಗ ಹೆಂಗಸರು ಯಾರದೋ ಮಗಳ ವಿಷಯದಲ್ಲಿ ಮುಳುಗಿದ್ದರು. ಹಾಸಿಗೆಯ ಮೇಲೆ ಕೂಸು ಕಾಣಲಿಲ್ಲ.

"ಬೊಕಾಂಗ್ ಎಲ್ಲಿ?"

"ಇಲ್ಲೇ ಮಲಗಿದ್ನಲ್ಲ," ಎಂದಳು ಮಾಪೂಲೆ.

ಮಾಬೊಕಾಂಗ್ ಲೋಟಗಳನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಕಂಬಳಿಗಳನ್ನು ಒಂದಾದ ಮೇಲೊಂದು ಎಳೆದು ಬಿಸಾಡಿದಳು. ಅವನು ಉರುಳಿ ಗೋಡೆಗೆ ಒತ್ತಿಕೊಂಡು ಎಲ್ಲಕ್ಕಿಂತ ಕೆಳಗಿದ್ದ. ದಪ್ಪ ಅಂಚೊಂದು ಮೂಗು ಬಾಯಿಗಳ ಮೇಲಿತ್ತು. ಮುಖ ಕೆಂಡದ ಹಾಗಿತ್ತು, ಕೂದಲು ಒದ್ದೆ. ಎತ್ತಿಕೊಂಡಾಗ ಒಂದು ಕ್ಷಣ ಅವನು ಅಳಲೂ ಇಲ್ಲ. ಆಮೇಲೆ ಉಸಿರು ಎಳೆದುಕೊಂಡು ಮನೆ ಹಾರಿಹೋಗುವಂತೆ ಅತ್ತ.

ಮಾಬೊಕಾಂಗ್ ಮಗನನ್ನು ಎದೆಗೆ ಒತ್ತಿಕೊಂಡು ಅತ್ತೆಯ ಕಡೆ ತಿರುಗಿದಳು. "ಎಷ್ಟು ಸಲ ಹೇಳಿದೆ ನಾನು," ಎಂದಳು. ದನಿ ಏರಲಿಲ್ಲ. "ಎಷ್ಟು ಸಲ." ಹೆಂಗಸರು ಚಹಾ ಕುಡಿಯದೆ ಎದ್ದು ಹೋದರು. ಬಂದವರ ಮುಂದೆ ಅತ್ತೆಗೆ ಎದುರಾಡಿದ ಸೊಸೆಯ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಅದರ ಚಿಂತೆ ಮಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಮಾರನೆಯ ದಿನ ಮಾಪೂಲೆ ಹುಳಿಗಂಜಿಯ ಬಟ್ಟಲು ಮುಂದಿಟ್ಟು ಸೊಸೆಯ ಪಕ್ಕದಲ್ಲಿ ಕೂತಳು. ಕ್ಷಮೆ ಕೇಳಲಿಲ್ಲ. ಗೋಡೆಯ ಬಳಿ ಬಿದ್ದಿದ್ದ ಚೀಲಗಳನ್ನು ಎತ್ತಿ ಒಳಹೊರಗು ಮಾಡಿ ನೋಡಿದಳು.

"ಕೊರಳು ತಲೆ ತೂರೋ ಅಷ್ಟು ಬಿಟ್ಟಿದ್ದೀಯಾ. ಅದಕ್ಕೇ ಜಾರೋದು. ಹೆಗಲ ಮೇಲೆ ಬಿಚ್ಚೋ ಹಾಗೆ ಮಾಡು, ಕೊರಳು ಸಣ್ಣದಾಗ್ಲಿ. ಕೆಳಗೆ ನನ್ನ ಲಂಗದಷ್ಟು ಅಗಲ ಬಿಡು."

"ಗುಂಡಿ ಬೇಡ."

"ಗುಂಡಿ ಯಾರು ಅಂದ್ರು? ಜಿಪ್ಪು ಹಾಕು. ತುದಿಗೆ ಬಟ್ಟೆ ಮಡಚು, ಗದ್ದ ಗೀರಬಾರ್ದು."

ಇಬ್ಬರೂ ಸೇರಿ ಅವನನ್ನು ಹಿಡಿದು ಅಳತೆ ತೆಗೆದರು. ಅವನು ಅಳತೆಯ ಪಟ್ಟಿಯನ್ನೇ ಬಾಯಿಗೆ ಹಾಕಿಕೊಂಡ. ಮೂರನೆಯ ಚೀಲ ಸರಿಹೋಯಿತು. ಬರಿಯ ಹಾಸಿಗೆಯ ಮೇಲೆ ಅದರೊಳಗೆ ಮಲಗಿ ಅವನು ಮೂಲೆಯಿಂದ ಮೂಲೆಗೆ ಉರುಳಿದ, ಒದ್ದ, ಗುದ್ದಾಡಿದ. ಚೀಲ ಅವನ ಜೊತೆಗೇ ಹೋಯಿತು, ಬಿಚ್ಚಲಿಲ್ಲ. ಮಾಪೂಲೆ ಆಗಾಗ ಹೋಗಿ ಅವನ ಕತ್ತಿನ ಹಿಂದೆ ಬೆರಳಿಡುತ್ತಿದ್ದಳು.

"ಬೆಚ್ಚಗಿದೆ," ಎನ್ನುತ್ತಿದ್ದಳು, ನಂಬಲಾರದವಳಂತೆ. "ಆದ್ರೆ ಕೈ ಕಪ್ಪೆ ಥರ ತಣ್ಣಗಿದೆ ನೋಡು."

"ಕೈ ಲೆಕ್ಕಕ್ಕಿಲ್ಲ ಅತ್ತೆ."

"ನಿನ್ನ ಕೈ ಆಗಿದ್ರೆ ಗೊತ್ತಾಗ್ತಿತ್ತು."

ಕೆಲವು ವಾರ ಮನೆಯಲ್ಲಿ ನೆಮ್ಮದಿಯಿತ್ತು. ಜಡೆ ಹೆಣೆಸಿಕೊಳ್ಳಲು ಬಂದವರು ಪೂರಾ ತಲೆಯೊಂದಿಗೆ ಮನೆಗೆ ಹೋದರು. ಅಷ್ಟರಲ್ಲಿ ಬೊಕಾಂಗ್ ಗೋಡೆ ಹಿಡಿದು ಎದ್ದು ನಿಲ್ಲುವುದನ್ನು ಕಲಿತ. ಒಂದು ಮಧ್ಯಾಹ್ನ ಹಾಸಿಗೆಯ ಮೇಲೆ ಚೀಲದೊಳಗೇ ನಿಂತು ಕುಪ್ಪಳಿಸಿ, ತಟ್ಟನೆ ಕೂತುಬಿದ್ದು, ಮತ್ತೆ ನಿಂತ. ಕೆಳಗಿನ ಹೊಲಿಗೆ ಸದ್ದಿಲ್ಲದೆ ಬಿಟ್ಟುಕೊಂಡಿತ್ತು. ಒಂದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

ಮಾಬೊಕಾಂಗ್ ಬಾಗಿಲಿನಿಂದ ಬಂದು ಮಗನನ್ನು ಚೀಲದಿಂದ ಹೊರತೆಗೆದಳು.

"ಹಾಸಿಗೆ ನೆಲಕ್ಕೆ ಇಳಿಸ್ಬೇಕು," ಎಂದಳು ಮಾಪೂಲೆ, ಸೂಜಿ ಹುಡುಕುತ್ತ. "ಚೀಲಕ್ಕೆ ಕಾಲು ಕೂಡಿಸ್ಬೇಕು. ಎರಡು."

"ಗೊತ್ತು ಅತ್ತೆ," ಎಂದು ಮಾಬೊಕಾಂಗ್ ಹೊಲಿಗೆ ಬಿಚ್ಚತೊಡಗಿದಳು.